ಲಿವರ್ ಒಳಗಿನ ಬೆಂಕಿ ಟಾನಿಕ್‌ನಿಂದ ಆರಲ್ಲ

1982ರ ಜುಲೈ 26. ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್. ‘ಕೂಲಿ’ ಅನ್ನೋ ಹಿಂದಿ ಸಿನಿಮಾದ ಶೂಟಿಂಗ್ ನಡೀತಾ ಇದೆ. ಒಂದು ಫೈಟ್ ಸೀನ್. ಲೆಕ್ಕ ಸ್ವಲ್ಪ ತಪ್ಪಿತು, ಅಮಿತಾಭ್ ಬಚ್ಚನ್ ಹೊಟ್ಟೆಗೆ ಬಲವಾದ ಪೆಟ್ಟು ಬಿತ್ತು. ಮೊದಲು ಬೆಂಗಳೂರಿನಲ್ಲಿ, ಆಮೇಲೆ ಮುಂಬೈನಲ್ಲಿ ಚಿಕಿತ್ಸೆ. ದೇಶಕ್ಕೆ ದೇಶವೇ ಹರಕೆ ಹೊತ್ತಿತು. ಬಚ್ಚನ್ ಬದುಕಿ ಬಂದರು. ಈ ಕಥೆ ಎಲ್ಲರಿಗೂ ಗೊತ್ತು.

ಆದರೆ ಈ ಕಥೆಗೆ ಇನ್ನೊಂದು ಭಾಗ ಇದೆ. ಅವರನ್ನು ಉಳಿಸೋಕೆ ಸುಮಾರು 200 ದಾನಿಗಳಿಂದ 60 ಬಾಟಲಿ ರಕ್ತ ಕೊಟ್ಟರು. ಆ ದಾನಿಗಳಲ್ಲಿ ಒಬ್ಬರ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇತ್ತು. ಅದು ಬಚ್ಚನ್ ಅವರ ದೇಹ ಸೇರಿತು, ಸದ್ದಿಲ್ಲದೆ ಕೂತುಬಿಟ್ಟಿತು. ಸುಮಾರು ಎರಡು ದಶಕ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಲಿವರ್‌ನ ಮುಕ್ಕಾಲು ಭಾಗ ಹಾಳಾಗಿತ್ತು. ‘ನಾನು ಉಳಿದ ಕಾಲು ಭಾಗದಲ್ಲಿ ಬದುಕಿದ್ದೇನೆ’ ಎಂಬ ಅರ್ಥದ ಮಾತನ್ನು ಸ್ವತಃ ಬಚ್ಚನ್ ಅವರೇ ಸಾರ್ವಜನಿಕ ವೇದಿಕೆಗಳಲ್ಲಿ ಹೇಳಿಕೊಂಡಿದ್ದಾರೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆಪಟೈಟಿಸ್ ಜಾಗೃತಿಗೆ ಅವರನ್ನೇ ರಾಯಭಾರಿ ಮಾಡಿತು.

ಈಗ ನನ್ನ ಪ್ರಶ್ನೆ. ಆ ಇಪ್ಪತ್ತು ವರ್ಷ ಲಿವರ್ ಒಳಗೆ ಏನು ನಡೀತಾ ಇತ್ತು? ನೋವಿಲ್ಲ, ಜ್ವರ ಇಲ್ಲ, ಕಣ್ಣು ಹಳದಿಯಾಗಲಿಲ್ಲ. ಮನುಷ್ಯ ಓಡಾಡಿಕೊಂಡಿದ್ದಾನೆ, ಸಿನಿಮಾ ಮಾಡ್ತಿದ್ದಾನೆ. ಒಳಗೆ ಮಾತ್ರ ಒಂದು ಅಂಗ ದಿನಾ ಸ್ವಲ್ಪ ಸ್ವಲ್ಪವೇ ಸುಟ್ಟುಹೋಗ್ತಾ ಇದೆ. ಸುಡ್ತಾ ಇದ್ದದ್ದು ಯಾರು? ವೈರಸ್ಸಾ?

ಇಲ್ಲೇ ಇರೋದು ಸ್ವಾರಸ್ಯ. ಹೆಪಟೈಟಿಸ್ ಬಿ ವೈರಸ್ ಲಿವರ್ ಜೀವಕೋಶದೊಳಗೆ ಬಾಡಿಗೆದಾರನ ಹಾಗೆ ಇರುತ್ತೆ. ತಾನಾಗಿ ಮನೆಗೆ ಬೆಂಕಿ ಹಚ್ಚೋದು ಕಡಿಮೆ. ಬೆಂಕಿ ಹಚ್ಚೋದು ಹೆಚ್ಚಾಗಿ ಅದನ್ನು ಓಡಿಸೋಕೆ ಬರುವ ನಮ್ಮದೇ ಸೈನ್ಯ, ಅಂದರೆ ನಮ್ಮ ರೋಗನಿರೋಧಕ ವ್ಯವಸ್ಥೆ. ಆ ಸೈನ್ಯದ ಕೈಯಲ್ಲಿರುವ ಒಂದು ಮುಖ್ಯ ಆಯುಧ ಯಾವುದು ಗೊತ್ತಾ? ನಾವು ಉಸಿರಾಡೋ ಆಕ್ಸಿಜನ್.

ಸ್ವಲ್ಪ ಬಿಡಿಸಿ ಹೇಳ್ತೀನಿ. ಕೊಯ್ದಿಟ್ಟ ಬದನೆಕಾಯಿ ಐದೇ ನಿಮಿಷದಲ್ಲಿ ಕಪ್ಪಾಗುತ್ತೆ. ಮಳೆಗೆ ಬಿಟ್ಟ ಕಬ್ಬಿಣ ತುಕ್ಕು ಹಿಡಿಯುತ್ತೆ. ಎರಡೂ ಕಡೆ ಕೆಲಸ ಮಾಡಿದ್ದು ಆಕ್ಸಿಜನ್. ನಮಗೆ ಜೀವ ಕೊಡೋ ಅನಿಲವೇ ವಸ್ತುಗಳನ್ನು ತಿಂದೂ ಹಾಕುತ್ತೆ. ನಮ್ಮ ಪ್ರತಿ ಜೀವಕೋಶದಲ್ಲೂ ಮೈಟೋಕಾಂಡ್ರಿಯಾ ಅನ್ನೋ ಸಣ್ಣ ಒಲೆಗಳಿವೆ. ತಿಂದ ಅನ್ನವನ್ನು ಆಕ್ಸಿಜನ್ ಬಳಸಿ ಉರಿಸಿ, ಶಕ್ತಿ ತಯಾರಿಸೋದು ಈ ಒಲೆಗಳ ಕೆಲಸ. ಸೌದೆ ಒಲೆ ಉರಿಸಿದವರಿಗೆ ಗೊತ್ತು, ಒಲೆ ಅಂದ ಮೇಲೆ ಕಿಡಿ ಹಾರುತ್ತೆ. ಈ ಒಲೆಯಿಂದಲೂ ಕಿಡಿ ಹಾರುತ್ತೆ. ಆ ಕಿಡಿಗಳಲ್ಲಿ ಮೊದಲನೆಯದರ ಹೆಸರು ಸೂಪರ್ ಆಕ್ಸೈಡ್. ಜಾಹೀರಾತಿನಲ್ಲಿ ‘ಫ್ರೀ ರ್‍ಯಾಡಿಕಲ್ಸ್’ ಅಂತ ಹೆದರಿಸ್ತಾರಲ್ಲ, ಆ ಕುಟುಂಬದ್ದೇ ಇದು. ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಸುಡುವ ಗುಣ ಈ ಕುಟುಂಬದ್ದು. ಜೀವಕೋಶದ ಗೋಡೆಯ ಕೊಬ್ಬು, ಒಳಗಿನ ಪ್ರೋಟೀನು, ಕೊನೆಗೆ ಡಿಎನ್‌ಎ, ಯಾವುದನ್ನೂ ಬಿಡಲ್ಲ.

ಹಾಗಿದ್ರೆ ನಾವ್ಯಾಕೆ ಒಳಗೊಳಗೇ ಸುಟ್ಟು ಬೂದಿಯಾಗಿಲ್ಲ? ಯಾಕಂದ್ರೆ ದೇಹ ತನ್ನದೇ ಅಗ್ನಿಶಾಮಕ ದಳ ಇಟ್ಟುಕೊಂಡಿದೆ. ಅವೇ ಆಂಟಿಆಕ್ಸಿಡೆಂಟ್ ಕಿಣ್ವಗಳು, ಅಂದರೆ ಎನ್‌ಜೈಮ್‌ಗಳು. ಮುಖ್ಯವಾಗಿ ಮೂರು.

ಮೊದಲನೆಯದು ಸೂಪರ್ ಆಕ್ಸೈಡ್ ಡಿಸ್ಮ್ಯುಟೇಸ್. ಉದ್ದದ ಹೆಸರು, ಎಸ್‌ಒಡಿ ಅಂದರೆ ಸಾಕು. ಇದರ ಕಥೆಯೇ ಒಂದು ಪಾಠ. ದನದ ರಕ್ತದಲ್ಲಿ ತಾಮ್ರ ಇರುವ ಒಂದು ಪ್ರೋಟೀನನ್ನು ವಿಜ್ಞಾನಿಗಳು 1930ರ ದಶಕದಲ್ಲೇ ಬೇರ್ಪಡಿಸಿಟ್ಟಿದ್ದರು. ಅದು ಅಲ್ಲಿ ಯಾಕಿದೆ, ಅದರ ಕೆಲಸ ಏನು ಅಂತ ಮೂವತ್ತು ವರ್ಷ ಯಾರಿಗೂ ಗೊತ್ತಾಗಲಿಲ್ಲ. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕ್‌ಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಕಂಡುಹಿಡಿದರು. ಹಾರುವ ಕಿಡಿಯನ್ನು ಹಿಡಿಯೋದೇ ಅದರ ಕೆಲಸ! ಸೂಪರ್ ಆಕ್ಸೈಡನ್ನು ಹಿಡಿದು, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಆಕ್ಸಿಜನ್ ಆಗಿ ಬದಲಾಯಿಸುತ್ತೆ.

ಹೈಡ್ರೋಜನ್ ಪೆರಾಕ್ಸೈಡ್ ಕೂಡ ಒಳ್ಳೇದಲ್ಲ. ಹೀಗಾಗಿ ಎರಡನೇ ಮತ್ತು ಮೂರನೇ ಪಡೆ. ಕ್ಯಾಟಲೇಸ್ ಅನ್ನೋ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಕ್ಸಿಜನ್ ಮಾಡಿಬಿಡುತ್ತೆ. ಇದರ ವೇಗ ಎಷ್ಟು ಅಂದ್ರೆ, ಒಂದೇ ಒಂದು ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆಯುತ್ತೆ. ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದಾಗ ಬುಸ್ ಅಂತ ಬಿಳಿ ನೊರೆ ಬರುತ್ತಲ್ಲ, ಅದು ಈ ಕ್ಯಾಟಲೇಸ್ ಮಾಡಿದ್ದು. ಮೂರನೆಯದು ಗ್ಲುಟಾಥಯೋನ್ ಪೆರಾಕ್ಸಿಡೇಸ್. ಇದು ಗ್ಲುಟಾಥಯೋನ್ ಅನ್ನೋ ಸಣ್ಣ ಅಣುವನ್ನು ಖರ್ಚು ಮಾಡಿ ಪೆರಾಕ್ಸೈಡನ್ನು ನೀರು ಮಾಡುತ್ತೆ. ಗ್ಲುಟಾಥಯೋನ್ ಅಂದ್ರೆ ಅಗ್ನಿಶಾಮಕ ಗಾಡಿಯ ಟ್ಯಾಂಕಿನ ನೀರು ಅಂತ ಇಟ್ಕೊಳ್ಳಿ. ದೇಹದಲ್ಲಿ ಈ ನೀರಿನ ದೊಡ್ಡ ಟ್ಯಾಂಕ್ ಎಲ್ಲಿದೆ? ಲಿವರ್‌ನಲ್ಲಿ.

ಈ ಮೂರು ಪಡೆ ಸರಿಯಾಗಿ ಕೆಲಸ ಮಾಡ್ತಾ ಇದ್ದರೆ ಕಿಡಿ ಹಾರುತ್ತೆ, ಆರುತ್ತೆ. ಜೀವನ ನಡೀತಾ ಇರುತ್ತೆ. ಹಾರುವ ಕಿಡಿ ಜಾಸ್ತಿ ಆಗಿ, ಆರಿಸುವ ಕೈ ಸಾಲದೇ ಹೋದರೆ? ಆ ಸ್ಥಿತಿಗೇ ವಿಜ್ಞಾನಿಗಳು ‘ಆಕ್ಸಿಡೇಟಿವ್ ಸ್ಟ್ರೆಸ್’ ಅಂತ ಹೆಸರಿಟ್ಟಿದ್ದಾರೆ. ಇದು ಮನಸ್ಸಿನ ಒತ್ತಡ ಅಲ್ಲ, ಜೀವಕೋಶದ ಒತ್ತಡ. ಆದಾಯಕ್ಕಿಂತ ಖರ್ಚು ಹೆಚ್ಚಾದ ಮನೆ ಅಂತೀವಲ್ಲ, ಹಾಗೆ.

ಈಗ ವೈರಸ್ ಹೊಕ್ಕ ಲಿವರ್‌ಗೆ ಬನ್ನಿ. ಅಲ್ಲಿ ಎರಡು ಕಡೆಯಿಂದ ಬೆಂಕಿ. ಒಂದು, ಹೊರಗಿನಿಂದ. ವೈರಸ್ ಸೇರಿದ ಜೀವಕೋಶಗಳನ್ನು ಕೊಲ್ಲೋಕೆ ಬಿಳಿ ರಕ್ತಕಣಗಳು ಬರುತ್ತವೆ. ಅವು ಸೂಪರ್ ಆಕ್ಸೈಡನ್ನು ಬೇಕಂತಲೇ ತಯಾರಿಸಿ ಎರಚುತ್ತವೆ. ಶತ್ರುವಿನ ಜತೆ ಪಕ್ಕದ ಮನೆಯೂ ಸುಡುತ್ತೆ. ಎರಡು, ಒಳಗಿನಿಂದ. ವೈರಸ್‌ನ ಕೆಲವು ಪ್ರೋಟೀನುಗಳೇ ಮೈಟೋಕಾಂಡ್ರಿಯಾ ಒಲೆಯನ್ನು ಕೆಡಿಸುತ್ತವೆ. ಹೆಪಟೈಟಿಸ್ ಸಿ ವೈರಸ್‌ನ ‘ಕೋರ್’ ಪ್ರೋಟೀನು, ಹೆಪಟೈಟಿಸ್ ಬಿ ವೈರಸ್‌ನ ‘ಎಕ್ಸ್’ ಪ್ರೋಟೀನು ಈ ಕೆಲಸಕ್ಕೆ ಕುಖ್ಯಾತ. ಒಲೆ ಕೆಟ್ಟರೆ ಕಿಡಿ ಜಾಸ್ತಿ. ಲೆಕ್ಕ ಸರಳ.

ಹೆಪಟೈಟಿಸ್ ರೋಗಿಗಳ ರಕ್ತ ಪರೀಕ್ಷೆ ಮಾಡಿದ ಸಂಶೋಧಕರಿಗೆ ಇದು ಅಂಕಿಯಲ್ಲೇ ಕಾಣಿಸಿದೆ. ಕೊಬ್ಬು ಸುಟ್ಟಾಗ ಉಳಿಯುವ ಮಸಿ ಅಂತ ಹೇಳಬಹುದಾದ ಮ್ಯಾಲೊನ್‌ಡೈಆಲ್ಡಿಹೈಡ್ ಅನ್ನೋ ವಸ್ತು ಆರೋಗ್ಯವಂತರಿಗಿಂತ ಈ ರೋಗಿಗಳಲ್ಲಿ ಹೆಚ್ಚು. ಟ್ಯಾಂಕಿನ ನೀರು, ಅಂದರೆ ಗ್ಲುಟಾಥಯೋನ್, ಸಾಮಾನ್ಯವಾಗಿ ಕಡಿಮೆ. ಎಸ್‌ಒಡಿ ವಿಷಯದಲ್ಲಿ ಮಾತ್ರ ಚಿತ್ರ ಒಂದೇ ಥರ ಇಲ್ಲ. ಕೆಲವು ಅಧ್ಯಯನಗಳಲ್ಲಿ ಜಾಸ್ತಿ ಬಂದಿದೆ, ಕೆಲವದರಲ್ಲಿ ಕಡಿಮೆ ಬಂದಿದೆ. ಇದರಲ್ಲಿ ಆಶ್ಚರ್ಯ ಏನಿಲ್ಲ. ಬೆಂಕಿ ಬಿದ್ದ ಶುರುವಿನಲ್ಲಿ ಊರಿನ ಜನ ಎಲ್ಲ ಕೊಡ ಹಿಡ್ಕೊಂಡು ಓಡಿ ಬರ್ತಾರೆ. ದಿನಗಟ್ಟಲೆ ಉರಿದರೆ ಬಂದವರೂ ಸುಸ್ತಾಗಿ ಕೂರ್ತಾರೆ. ಕಾಯಿಲೆ ಯಾವ ಹಂತದಲ್ಲಿದೆ ಅನ್ನೋದರ ಮೇಲೆ ಕಿಣ್ವಗಳ ಅಳತೆಯೂ ಬದಲಾಗುತ್ತೆ.

ಸರಿ, ಸುಡುತ್ತೆ. ಆಮೇಲೆ? ಲಿವರ್ ಸುಮ್ಮನೆ ಕೂರುವ ಅಂಗ ಅಲ್ಲ. ಕತ್ತರಿಸಿದರೂ ಮತ್ತೆ ಬೆಳೆಯುವ ಶಕ್ತಿ ಅದಕ್ಕಿದೆ. ಆದರೆ ಸುಡೋದು ನಿಲ್ಲದೇ ಇದ್ದಾಗ ಅದು ಪ್ಯಾಚ್ ಹಾಕೋಕೆ ಶುರು ಮಾಡುತ್ತೆ. ಈ ಕಿಡಿಗಳೇ ಲಿವರ್‌ನಲ್ಲಿ ಸ್ಟೆಲೇಟ್ ಅನ್ನೋ ಜೀವಕೋಶಗಳನ್ನು ಎಬ್ಬಿಸುತ್ತವೆ. ಅವು ನಾರಿನಂಥ ಕೊಲಾಜೆನ್ ನೇಯುತ್ತಾ ಹೋಗುತ್ತವೆ. ಮೆತ್ತಗಿದ್ದ ಲಿವರ್ ಗಟ್ಟಿಯಾಗುತ್ತೆ, ಗಂಟುಗಂಟಾಗುತ್ತೆ. ಅದು ಸಿರೋಸಿಸ್. ಇನ್ನೊಂದು ಕಡೆ ಡಿಎನ್‌ಎಗೆ ಪೆಟ್ಟು ಬಿದ್ದು ಬಿದ್ದು, ಒಂದು ದಿನ ಒಂದು ಜೀವಕೋಶ ಹದ್ದು ಮೀರುತ್ತೆ. ಅದು ಲಿವರ್ ಕ್ಯಾನ್ಸರ್. ಇಷ್ಟಾಗೋಕೆ ಇಪ್ಪತ್ತು, ಮೂವತ್ತು ವರ್ಷ. ಅಷ್ಟು ದಿನ ನಮಗೆ ಏನೂ ಗೊತ್ತಾಗಲ್ಲ, ಯಾಕಂದ್ರೆ ಲಿವರ್ ಒಳಗೆ ನೋವಿನ ನರಗಳೇ ಇಲ್ಲದಂತೆ. ಕೂಗಿಕೊಳ್ಳಲ್ಲ, ಸುಡುತ್ತೆ.

ಈಗ ಬರ್ತೀನಿ ಅಸಲಿ ವಿಷಯಕ್ಕೆ.

ಇಷ್ಟು ಓದಿದ ಮೇಲೆ ನಿಮ್ಮ ತಲೆಯಲ್ಲಿ ಏನು ಓಡ್ತಾ ಇದೆ ಹೇಳ್ಲಾ? ‘ಬೆಂಕಿ ಜಾಸ್ತಿ, ನೀರು ಕಡಿಮೆ. ಹಾಗಾದ್ರೆ ನೀರು ಹೊರಗಿನಿಂದ ಹಾಕಿದರಾಯ್ತು. ಆಂಟಿಆಕ್ಸಿಡೆಂಟ್ ಮಾತ್ರೆ ತಿಂದರಾಯ್ತು.’ ತರ್ಕ ಸರಿಯಾಗೇ ಇದೆ. ಮಾರುಕಟ್ಟೆ ನಿಂತಿರೋದೇ ಈ ತರ್ಕದ ಮೇಲೆ. ಮೆಡಿಕಲ್ ಶಾಪಿಗೆ ಹೋಗಿ, ಲಿವರ್ ಟಾನಿಕ್‌ಗೆ ಒಂದು ಸಾಲೇ ಇದೆ. ಲಿವರ್ ಡಿಟಾಕ್ಸ್, ಲಿವರ್ ಕ್ಲೆನ್ಸ್, ಎಸ್‌ಒಡಿ ಮಾತ್ರೆ. ಬೆಳ್ಳಗಾಗೋಕೆ ಅಂತ ಗ್ಲುಟಾಥಯೋನ್ ಇಂಜೆಕ್ಷನ್ ಕೂಡ!

ತರ್ಕ ಸರಿ ಇದ್ದ ಮಾತ್ರಕ್ಕೆ ಫಲಿತಾಂಶ ಸರಿ ಬರಬೇಕು ಅಂತೇನಿಲ್ಲ. ಎಸ್‌ಒಡಿ ಒಂದು ಪ್ರೋಟೀನು. ಮಾತ್ರೆ ಮಾಡಿ ನುಂಗಿದರೆ, ತಿಂದ ಬೇಳೆಯನ್ನೂ ಮೊಟ್ಟೆಯನ್ನೂ ಅರಗಿಸುವ ಹೊಟ್ಟೆ ಅದನ್ನೂ ಅರಗಿಸುತ್ತೆ. ಲಿವರ್‌ಗೆ ಹೋಗಿ ಕಾವಲು ಕಾಯಲ್ಲ. ಉಳಿದವುಗಳ ಕಥೆ ನೋಡಿ. ಮಿಲ್ಕ್ ಥಿಸಲ್ ಅನ್ನೋ ಗಿಡದಿಂದ ತೆಗೆಯುವ ಸಿಲಿಮರಿನ್, ಲಿವರ್ ಟಾನಿಕ್‌ಗಳ ರಾಜ. ಅಮೆರಿಕದಲ್ಲಿ 154 ಹೆಪಟೈಟಿಸ್ ಸಿ ರೋಗಿಗಳ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ಸಿಲಿಮರಿನ್, ಅದೂ ಮಾಮೂಲಿಗಿಂತ ಹೆಚ್ಚಿನ ಡೋಸ್. ಕೆಲವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ. 24 ವಾರ. ಫಲಿತಾಂಶ 2012ರಲ್ಲಿ ಬಂತು. ಲಿವರ್ ಎನ್‌ಜೈಮ್ ಇಳಿಸೋದರಲ್ಲಿ ಸಿಲಿಮರಿನ್‌ಗೂ ಹುಸಿ ಮಾತ್ರೆಗೂ ಗಣನೀಯ ವ್ಯತ್ಯಾಸ ಇರಲಿಲ್ಲ.

ಪ್ರಯೋಜನ ಇಲ್ಲದಿದ್ರೆ ಹೋಗಲಿ, ತೊಂದರೆ ಏನೂ ಇಲ್ಲವಲ್ಲ ಅಂತೀರಾ? ಫಿನ್‌ಲ್ಯಾಂಡಿನಲ್ಲಿ 29,133 ಗಂಡಸರ ಮೇಲೆ, ಎಲ್ಲರೂ ಸಿಗರೇಟು ಸೇದೋರು, ಆಂಟಿಆಕ್ಸಿಡೆಂಟ್ ಮಾತ್ರೆಗಳ ದೊಡ್ಡ ಪ್ರಯೋಗ ನಡೀತು. ಕ್ಯಾನ್ಸರ್ ಕಡಿಮೆ ಆಗಬಹುದು ಅನ್ನೋ ಆಸೆ. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಶಾಕ್. ಬೀಟಾ ಕ್ಯಾರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪರ್ಸೆಂಟ್ ಜಾಸ್ತಿ! ಕ್ಯಾರೆಟ್ ತಿಂದರೆ ಒಳ್ಳೇದು. ಆದರೆ ಕ್ಯಾರೆಟ್‌ನಿಂದ ಒಂದು ಅಂಶ ಮಾತ್ರ ತೆಗೆದು ಮಾತ್ರೆ ಮಾಡಿ ನುಂಗೋದು ಬೇರೆ ವಿಷಯ.

ಯಾಕೆ ಹೀಗೆ? ಯಾಕಂದ್ರೆ ಕಿಡಿ ಅಂದರೆ ಬರೀ ಶತ್ರು ಅಲ್ಲ. ದೇಹಕ್ಕೆ ಅದೂ ಬೇಕು. ಸೂಪರ್ ಆಕ್ಸೈಡ್ ತಯಾರಿಸೋಕೆ ಆಗದ ಬಿಳಿ ರಕ್ತಕಣ ಇಟ್ಟುಕೊಂಡು ಹುಟ್ಟುವ ಮಕ್ಕಳಿದ್ದಾರೆ. ಅದೊಂದು ಅಪರೂಪದ ವಂಶವಾಹಿ ಕಾಯಿಲೆ. ಆ ಮಕ್ಕಳಿಗೆ ಫ್ರೀ ರ್‍ಯಾಡಿಕಲ್ ಕಡಿಮೆ, ಹಾಗಾಗಿ ಗಟ್ಟಿಮುಟ್ಟಾಗಿ ಇರಬೇಕಿತ್ತು. ಇಲ್ಲ. ಮೇಲಿಂದ ಮೇಲೆ ಸೋಂಕು, ಕೀವು, ಆಸ್ಪತ್ರೆ. ಒಲೆಯ ಕಿಡಿಗೆ ಹೆದರಿ ಒಲೆಯನ್ನೇ ಆರಿಸಿದರೆ ಅನ್ನ ಬೇಯೋದು ಹೇಗೆ?

ಇನ್ನೂ ಮುಖ್ಯವಾದ ಕಾರಣ ಇನ್ನೊಂದಿದೆ. ಅಡುಗೆಮನೆಯಲ್ಲಿ ಗ್ಯಾಸ್ ಸೋರ್ತಾ ಇದೆ, ಅದಕ್ಕೆ ಬೆಂಕಿ ಹತ್ತಿದೆ ಅಂತ ಇಟ್ಕೊಳ್ಳಿ. ನೀವು ಬಕೆಟ್ ಬಕೆಟ್ ನೀರು ಎರಚ್ತಾ ಇದ್ದೀರಿ. ರೆಗ್ಯುಲೇಟರ್ ಆಫ್ ಮಾಡಿಲ್ಲ. ಬೆಂಕಿ ಆರುತ್ತಾ? ವೈರಲ್ ಹೆಪಟೈಟಿಸ್‌ನಲ್ಲಿ ರೆಗ್ಯುಲೇಟರ್ ಅಂದ್ರೆ ವೈರಸ್. ಅದು ಇರೋವರೆಗೆ ಬೆಂಕಿ ಇದ್ದೇ ಇರುತ್ತೆ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ಕೊಡ್ತೀನಿ, ವಿಷಯ ಸ್ಪಷ್ಟ ಆಗುತ್ತೆ. ಯಾರಾದರೂ ಪ್ಯಾರಾಸಿಟಮಾಲ್ ಮಾತ್ರೆ ಮಿತಿ ಮೀರಿ ನುಂಗಿದರೆ, ಅದರಿಂದ ಹುಟ್ಟುವ ವಿಷ ಲಿವರ್‌ನ ಗ್ಲುಟಾಥಯೋನ್ ಟ್ಯಾಂಕನ್ನು ಖಾಲಿ ಮಾಡಿಬಿಡುತ್ತೆ. ಲಿವರ್ ಸಾಯೋಕೆ ಅದೇ ಕಾರಣ. ಅಲ್ಲಿ ಡಾಕ್ಟರು ಎನ್-ಅಸಿಟೈಲ್ ಸಿಸ್ಟೀನ್ ಅನ್ನೋ ಔಷಧಿ ಕೊಡ್ತಾರೆ. ಅದು ದೇಹದಲ್ಲಿ ಹೊಸ ಗ್ಲುಟಾಥಯೋನ್ ತಯಾರಾಗೋಕೆ ಕಚ್ಚಾ ವಸ್ತು. ಬೇಗ, ಅಂದರೆ ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ಜೀವ ಉಳಿಯುವ ಸಾಧ್ಯತೆ ತುಂಬಾ ಹೆಚ್ಚು. ಅಲ್ಲಿ ಟ್ಯಾಂಕ್ ಖಾಲಿ ಆಗಿದ್ದೇ ರೋಗ, ತುಂಬಿಸೋದೇ ಮದ್ದು. ವೈರಲ್ ಹೆಪಟೈಟಿಸ್‌ನಲ್ಲಿ ಟ್ಯಾಂಕ್ ಖಾಲಿ ಆಗೋದು ರೋಗದ ಪರಿಣಾಮ. ಕಾರಣಕ್ಕೆ ಮದ್ದು ಹಾಕಬೇಕೋ, ಪರಿಣಾಮಕ್ಕೋ? ಇಷ್ಟು ಅರ್ಥ ಆದರೆ ಅರ್ಧ ಜಾಹೀರಾತುಗಳ ಬಾಯಿ ಬಂದ್.

ನಮ್ಮೂರಿನ ಕಾಮಾಲೆ ಔಷಧಿ ವಿಷಯಕ್ಕೂ ಬರೋಣ. ಅರಿಶಿನ ಕಾಮಾಲೆ ಅಂದ ಕೂಡಲೇ ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಆಸ್ಪತ್ರೆಗೆ ಮೊದಲು ನಾಟಿ ವೈದ್ಯರ ಹತ್ತಿರ ಹೋಗ್ತಾರೆ. ಎಲೆ ಅರೆದು ಕೊಡ್ತಾರೆ, ಕಣ್ಣಿಗೆ ಹನಿ ಬಿಡ್ತಾರೆ, ಕೆಲವು ಕಡೆ ಕೈಗೆ ಬರೆಯನ್ನೂ ಹಾಕ್ತಾರೆ. ‘ಸಾರ್, ನಮ್ಮ ಚಿಕ್ಕಪ್ಪನಿಗೆ ಅದರಲ್ಲೇ ವಾಸಿ ಆಯ್ತು’ ಅಂತ ಜನ ಆಣೆ ಮಾಡಿ ಹೇಳ್ತಾರೆ. ಸುಳ್ಳು ಹೇಳ್ತಿಲ್ಲ ಅವರು. ನಿಜವಾಗಿಯೂ ವಾಸಿ ಆಗಿರುತ್ತೆ.

ಗುಟ್ಟು ಇಲ್ಲಿದೆ. ಕಾಮಾಲೆ ಒಂದು ಕಾಯಿಲೆ ಅಲ್ಲ, ಒಂದು ಲಕ್ಷಣ. ಕೊಳಕು ನೀರು, ಕೊಳಕು ಊಟದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕ ಜನರಿಗೆ ಕೆಲವು ವಾರಗಳಲ್ಲಿ ತಾನಾಗೇ ಹೋಗುತ್ತವೆ. ದೇಹ ವೈರಸ್ಸನ್ನು ಓಡಿಸುತ್ತೆ, ಬೆಂಕಿ ಆರುತ್ತೆ, ಕಿಣ್ವಗಳು ಸಮಸ್ಥಿತಿಗೆ ಬರುತ್ತವೆ. ಆ ಹೊತ್ತಿಗೆ ಯಾವ ಎಲೆ ಅರೆದು ಕುಡಿದಿದ್ದರೋ ಆ ಎಲೆಗೆ ಕೀರ್ತಿ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂತಾರಲ್ಲ, ಅದೇ. ಆದರೆ ಬಿ ಮತ್ತು ಸಿ ಹಾಗಲ್ಲ. ಅವು ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೆ ಬರುತ್ತವೆ. ಬಿ ಲೈಂಗಿಕ ಸಂಪರ್ಕದಿಂದಲೂ ಹರಡುತ್ತೆ. ಬಂದು ಕೂತರೆ ವರ್ಷಗಟ್ಟಲೆ ಇರುತ್ತವೆ. ಕಣ್ಣಿನ ಹಳದಿ ಹೋಯ್ತು ಅಂತ ನಿಶ್ಚಿಂತೆಯಾಗಿರುವ ಮನುಷ್ಯನ ಒಳಗೆ ಬೆಂಕಿ ಉರೀತಾನೇ ಇರುತ್ತೆ. ಇನ್ನೊಂದು ಮಾತು, ಗರ್ಭಿಣಿಗೆ ಕಾಮಾಲೆ ಕಾಣಿಸಿಕೊಂಡರೆ ಒಂದು ದಿನವೂ ಕಾಯಬಾರದು. ಹೆಪಟೈಟಿಸ್ ಇ ಕೊನೆಯ ಮೂರು ತಿಂಗಳ ಗರ್ಭಿಣಿಯರ ಪ್ರಾಣವನ್ನೇ ತೆಗೆಯಬಲ್ಲದು.

ಹಾಗಂತ ಗಿಡಮೂಲಿಕೆ ಅಂದರೆ ವಿಜ್ಞಾನಕ್ಕೆ ಅಲರ್ಜಿ ಅಂತ ತಿಳ್ಕೋಬೇಡಿ. ನೆಲನೆಲ್ಲಿ ಗೊತ್ತಲ್ಲ, ಕಿರುನೆಲ್ಲಿ ಅಂತಾನೂ ಕರೀತಾರೆ, ಹೊಲದ ಬದುವಿನಲ್ಲಿ ಬೆಳೆಯುವ ಸಣ್ಣ ಗಿಡ. ಅದನ್ನು ಪರೀಕ್ಷೆಗೆ ಹಚ್ಚಿದವರಲ್ಲಿ ಒಬ್ಬರು ಯಾರು ಗೊತ್ತಾ? ಬರೂಕ್ ಬ್ಲೂಂಬರ್ಗ್. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ವಿಜ್ಞಾನಿ. ಮದ್ರಾಸಿನ ಸಂಶೋಧಕರ ಜತೆ ಸೇರಿ ಮಾಡಿದ ಅಧ್ಯಯನ 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ನೆಲನೆಲ್ಲಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್‌ನ ಗುರುತು ಮಾಯ. ಹುಸಿ ಔಷಧಿ ತಗೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯ್ತು. ಜಗತ್ತೇ ತಿರುಗಿ ನೋಡಿತು. ಬೇರೆ ಬೇರೆ ದೇಶಗಳಲ್ಲಿ ಮತ್ತೆ ಪ್ರಯೋಗ ಮಾಡಿದರು. ಆ ಫಲಿತಾಂಶ ಮತ್ತೆ ಬರಲಿಲ್ಲ. ವಿಜ್ಞಾನ ನಮ್ಮ ಗಿಡವನ್ನು ಕಡೆಗಣಿಸಲಿಲ್ಲ, ಗೌರವದಿಂದ ಕರೆದು ಪರೀಕ್ಷೆ ಬರೆಸಿತು. ಮೊದಲ ಪರೀಕ್ಷೆಯಲ್ಲಿ ಬಂದ ಮಾರ್ಕ್ಸ್ ಮರುಪರೀಕ್ಷೆಯಲ್ಲಿ ಬರಲಿಲ್ಲ, ಅಷ್ಟೇ.

ಇನ್ನು ‘ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ’ ಅನ್ನೋ ಮಾತು. ಆಂಟಿಆಕ್ಸಿಡೆಂಟ್ ಅಂತ ಮಾರುವ ಗ್ರೀನ್ ಟೀ ಸಾರದ ಮಾತ್ರೆಗಳಿಂದಲೇ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕುಡಿದ ಕೆಲವರಿಗೆ ಲಿವರ್ ತೊಂದರೆ ಆಯ್ತು ಅಂತ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಆಕ್ಷೇಪ ಎತ್ತಿತು. ಆ ವಾದ ಏನೇ ಇರಲಿ. ಮೊದಲೇ ಗಾಯವಾಗಿರುವ ಲಿವರ್‌ಗೆ ಡಾಕ್ಟರನ್ನು ಕೇಳದೆ ಏನನ್ನೂ ಸುರಿಯಬಾರದು ಅನ್ನೋದರಲ್ಲಿ ವಾದ ಇಲ್ಲ. ಕಬ್ಬಿಣದ ಟಾನಿಕ್ ಕೂಡ ಇದೇ ಲೆಕ್ಕ. ಹೆಚ್ಚಾದ ಕಬ್ಬಿಣ ಪೆರಾಕ್ಸೈಡ್ ಜತೆ ಸೇರಿದರೆ ಹೈಡ್ರಾಕ್ಸಿಲ್ ಅನ್ನೋ, ಎಲ್ಲಕ್ಕಿಂತ ಕೆಟ್ಟ ಕಿಡಿ ಹುಟ್ಟುತ್ತೆ. ಮದ್ಯ ಅಂತೂ ಬೆಂಕಿಗೆ ಪೆಟ್ರೋಲ್. ಒಂದು ಕಡೆ ಕಿಡಿ ಹೆಚ್ಚಿಸುತ್ತೆ, ಇನ್ನೊಂದು ಕಡೆ ಗ್ಲುಟಾಥಯೋನ್ ಟ್ಯಾಂಕ್ ಬತ್ತಿಸುತ್ತೆ. ಹೆಪಟೈಟಿಸ್ ಇರುವವರು ‘ಸ್ವಲ್ಪ ಕುಡಿದರೆ ಏನಾಗುತ್ತೆ’ ಅಂತ ಕೇಳೋದೇ ತಪ್ಪು.

ಹಾಗಿದ್ರೆ ರೆಗ್ಯುಲೇಟರ್ ಆಫ್ ಮಾಡೋಕೆ ದಾರಿ ಇದೆಯಾ? ಇದೆ. ನಮ್ಮ ಅದೃಷ್ಟ ಅದು. ಹೆಪಟೈಟಿಸ್ ಸಿಗೆ ಈಗ ನೇರವಾಗಿ ವೈರಸ್ ಮೇಲೆ ಕೆಲಸ ಮಾಡುವ ಮಾತ್ರೆಗಳಿವೆ. ಸಾಮಾನ್ಯವಾಗಿ 12 ವಾರ. 100ರಲ್ಲಿ 95ಕ್ಕೂ ಹೆಚ್ಚು ಜನರಿಗೆ ವೈರಸ್ ಪೂರ್ತಿ ಹೋಗುತ್ತೆ. ಆ ವೈರಸ್ ಪತ್ತೆ ಮಾಡಿದವರಿಗೆ 2020ರಲ್ಲಿ ನೊಬೆಲ್ ಬಂತು. ಸ್ವಾರಸ್ಯ ಏನಂದ್ರೆ, ವೈರಸ್ ಹೋದ ಮೇಲೆ ರೋಗಿಗಳ ರಕ್ತದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್‌ನ ಗುರುತುಗಳೂ ಇಳಿಯುತ್ತವೆ. ಯಾವ ಟಾನಿಕ್ಕೂ ಬೇಕಾಗಲಿಲ್ಲ. ಸೋರಿಕೆ ನಿಂತಿತು, ದೇಹದ ಸ್ವಂತ ಅಗ್ನಿಶಾಮಕ ದಳವೇ ಉಳಿದ ಕೆಲಸ ನೋಡಿಕೊಂಡಿತು. ಹೆಪಟೈಟಿಸ್ ಬಿ ಸ್ವಲ್ಪ ಹಠಮಾರಿ. ಪೂರ್ತಿ ಓಡಿಸೋದು ಕಷ್ಟ. ಆದರೆ ಟೆನೋಫೋವಿರ್, ಎಂಟೆಕಾವಿರ್ ಥರದ ಮಾತ್ರೆಗಳು ಅದನ್ನು ಹದ್ದುಬಸ್ತಿನಲ್ಲಿಡುತ್ತವೆ. ಬಿಪಿ, ಶುಗರ್ ಮಾತ್ರೆ ಥರ ವರ್ಷಗಟ್ಟಲೆ ತಗೋಬೇಕು. ಮಧ್ಯದಲ್ಲಿ ತಾನಾಗಿ ಬಿಟ್ಟರೆ ಬೆಂಕಿ ಮತ್ತೆ ಭುಗಿಲೇಳಬಹುದು.

ಬಿಗೆ ಲಸಿಕೆಯೂ ಇದೆ. ಲಸಿಕೆ ಅಂದರೆ ಬೆಂಕಿಯೇ ಹತ್ತದ ಹಾಗೆ ಮಾಡೋದು. ಒಂದು ಕಾಲಕ್ಕೆ ಹೊರದೇಶದಿಂದ ತರಿಸಬೇಕಿತ್ತು, ಬಡವರ ಕೈಗೆ ಎಟುಕುತ್ತಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿತು, ಬೆಲೆ ಇಳಿಯಿತು. ಇವತ್ತು ಸರ್ಕಾರಿ ಲಸಿಕಾ ಪಟ್ಟಿಯಲ್ಲಿ ಉಚಿತ. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು. ಯಾಕಿಷ್ಟು ಅವಸರ? ಹುಟ್ಟುವಾಗ ಈ ವೈರಸ್ ತಗುಲಿದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳಿಗೆ ಅದು ದೀರ್ಘಕಾಲ ಉಳಿದುಬಿಡುತ್ತೆ. ದೊಡ್ಡವರಾದ ಮೇಲೆ ತಗುಲಿದರೆ 100ರಲ್ಲಿ 5ಕ್ಕಿಂತ ಕಡಿಮೆ ಜನರಿಗೆ ಮಾತ್ರ ಹಾಗಾಗುತ್ತೆ. ಆ ಮೊದಲ ಒಂದು ದಿನಕ್ಕೆ ಇಷ್ಟು ಬೆಲೆ ಇದೆ.

ಮದ್ದಿದೆ, ಲಸಿಕೆ ಇದೆ. ಮತ್ತೆ ಸಮಸ್ಯೆ ಎಲ್ಲಿದೆ? ಗೊತ್ತೇ ಇಲ್ಲದಿರೋದರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, 2022ರಲ್ಲಿ ಭಾರತದಲ್ಲಿ ಹೆಪಟೈಟಿಸ್ ಬಿ ಇರುವವರು ಸುಮಾರು 2.98 ಕೋಟಿ. ಸಿ ಇರುವವರು ಸುಮಾರು 55 ಲಕ್ಷ. ಇವರಲ್ಲಿ ಬಹುಪಾಲು ಜನರಿಗೆ ತಮಗೆ ಈ ಕಾಯಿಲೆ ಇದೆ ಅನ್ನೋದೇ ಗೊತ್ತಿಲ್ಲ. ಬಸ್ಸಿನಲ್ಲಿ ನಮ್ಮ ಪಕ್ಕ ಕೂತಿದ್ದಾರೆ, ಆಫೀಸಿನಲ್ಲಿ ಎದುರು ಕೂತಿದ್ದಾರೆ. ಹಾಗಂತ ಪಕ್ಕ ಕೂತರೆ, ಕೈ ಕುಲುಕಿದರೆ, ಒಟ್ಟಿಗೆ ಊಟ ಮಾಡಿದರೆ ಬಿ, ಸಿ ಬರಲ್ಲ. ಇದನ್ನು ಒತ್ತಿ ಹೇಳ್ತೀನಿ, ಯಾಕಂದ್ರೆ ಈ ಹೆದರಿಕೆಯಿಂದಲೇ ಮದುವೆ ಮುರಿದವರು, ಕೆಲಸ ಕಳಕೊಂಡವರು ಇದ್ದಾರೆ. ಆ ಅವಮಾನಕ್ಕೆ ಹೆದರಿಯೇ ಜನ ಪರೀಕ್ಷೆಗೆ ಹೋಗಲ್ಲ.

ಯಾರು ಪರೀಕ್ಷೆ ಮಾಡಿಸಬೇಕು? 2001ಕ್ಕೂ ಮುಂಚೆ ರಕ್ತ ಹಾಕಿಸಿಕೊಂಡವರು. ಡಯಾಲಿಸಿಸ್‌ನಲ್ಲಿರುವವರು. ಮನೆಯಲ್ಲಿ ಯಾರಿಗಾದರೂ ಹೆಪಟೈಟಿಸ್ ಬಿ ಇರುವವರು. ಪ್ರತಿಯೊಬ್ಬ ಗರ್ಭಿಣಿ. ರಸ್ತೆ ಬದಿಯಲ್ಲಿ ಟ್ಯಾಟೂ ಹಾಕಿಸಿಕೊಂಡವರು, ಒಂದೇ ಸೂಜಿ ಹತ್ತು ಜನಕ್ಕೆ ಚುಚ್ಚುವ ಕಡೆ ಇಂಜೆಕ್ಷನ್ ತಗೊಂಡವರು. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹರಡಿ ಎಷ್ಟೋ ಜನ ಸತ್ತರು. ಹೊಸ ಸಿರಿಂಜ್ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ ಅಂತ ಕೇಳೋದು ನಿಮ್ಮ ಹಕ್ಕು.

ಪರೀಕ್ಷೆ ಅಂದರೆ ‘ಆಕ್ಸಿಡೇಟಿವ್ ಸ್ಟ್ರೆಸ್ ಪ್ರೊಫೈಲ್’ ಅಂತ ಸಾವಿರಾರು ರೂಪಾಯಿ ಸುರಿಯೋದಲ್ಲ. ಎಸ್‌ಒಡಿ ಎಷ್ಟಿದೆ ಅಂತ ನೋಡಿ ಯಾವ ಡಾಕ್ಟರೂ ಹೆಪಟೈಟಿಸ್‌ಗೆ ಔಷಧಿ ಬರೆಯಲ್ಲ. ಅದು ಸಂಶೋಧಕರಿಗೆ ಬೇಕಾದ ಲೆಕ್ಕ. ನಿಮಗೆ ಬೇಕಾದದ್ದು ಎರಡು ಸಣ್ಣ ರಕ್ತ ಪರೀಕ್ಷೆ: ಬಿಗೆ ಎಚ್‌ಬಿಎಸ್ಎಜಿ, ಸಿಗೆ ಆಂಟಿ ಎಚ್‌ಸಿವಿ. ಪಾಸಿಟಿವ್ ಬಂದರೆ ಮುಂದಿನದನ್ನು ಡಾಕ್ಟರ್ ಹೇಳ್ತಾರೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಉಚಿತ, ಔಷಧಿಯೂ ಉಚಿತ. ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಜುಲೈ 28 ಯಾಕೆ ಅಂದ್ರೆ ಅದು ವಿಶ್ವ ಹೆಪಟೈಟಿಸ್ ದಿನ, ಬ್ಲೂಂಬರ್ಗ್ ಹುಟ್ಟಿದ ದಿನ.

ಕೊನೆಯದಾಗಿ ಒಂದು ಮಾತು. ನಮ್ಮ ದೇಹದ ಮೂರು ಕಿಣ್ವಗಳಿಗೆ ಬೇಕಾದ ತಾಮ್ರ, ಸತು, ಸೆಲೆನಿಯಂ ಎಲ್ಲ ಸಾಮಾನ್ಯ ಊಟದಲ್ಲೇ ಸಿಗುತ್ತೆ. ಕಾಳು, ಸೊಪ್ಪು, ರಾಗಿ, ಮೀನು, ಮೊಟ್ಟೆ, ಇಷ್ಟು ಸಾಕು. ಅವು ಕೇಳುವ ದೊಡ್ಡ ಸಹಾಯ ಒಂದೇ, ವೈರಸ್ಸನ್ನು ತಡೀರಿ, ಮದ್ಯ ಬಿಡಿ. ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವೆ, ಸೆಕೆಂಡಿಗೆ ಲಕ್ಷ ಲಕ್ಷ ಕಿಡಿ ಆರಿಸುತ್ತಾ. ಟಾನಿಕ್ ಬಾಟಲಿಗೆ ಕೊಡುವ ದುಡ್ಡು ಜೇಬಿನಲ್ಲೇ ಇರಲಿ. ಈ ವಾರ ಒಮ್ಮೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ರಕ್ತ ಕೊಟ್ಟು ಬನ್ನಿ. ಮನೆಯವರನ್ನೂ ಕರ್ಕೊಂಡು ಹೋಗಿ. ಕೂಗದ ಅಂಗದ ಪರವಾಗಿ ನಾವೇ ಕೂಗಬೇಕು.